ಮಾರೋನು ದೋಷ ಹೇಳ್ಬೇಕು

ಸೈಕಲ್ಲಿಗೂ ವರ್ಷಾವರ್ಷ ಕಂದಾಯ ಕಟ್ಟಿ, ಮುನ್ಸಿಪಾಲಿಟಿಯ ತಗಡಿನ ಬಿಲ್ಲೆ ತಗುಲಿಸಿಕೊಂಡು ಓಡಾಡಬೇಕಾಗಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತುಮಕೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಸೈಕಲ್ ತಂದರೆ ಜನ ಕೂಸು ನೋಡಲು ಹೋಗುವಂತೆ ಗುಂಪಾಗಿ ಹೋಗಿ ನೋಡಿ ಬರುತ್ತಿದ್ದರು. ನಮ್ಮಂಥವರ ಪಾಲಿಗೆ ಇದ್ದದ್ದು ಸೆಕೆಂಡ್ ಹ್ಯಾಂಡ್ ಸೈಕಲ್. ನೀವೂ ಆ ಕಾಲದವರಾದರೆ ನಿಮ್ಮ ಮೊದಲ ಸೈಕಲ್ಲಿನ ಮೇಲಿಂದ ನಿಮಗಿಂತ ಮೊದಲು ಯಾರ್ಯಾರು ಬಿದ್ದಿದ್ದರು ಎಂಬುದು ನಿಮಗೆ ಇವತ್ತಿಗೂ ಬಾಯಿಪಾಠ ಇರುತ್ತದೆ.

ನನ್ನದು ಹಸಿರು ಬಣ್ಣದ, ಸಣ್ಣ ಫ್ರೇಮಿನ ಸೈಕಲ್. ಎರಡು ವರ್ಷ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ನಾನು ಬೆಳೆದ ಪರಿ ಹೇಳಿದರೆ ನೀವು ನಂಬುವುದಿಲ್ಲ. ಗೌರಿಹಬ್ಬಕ್ಕೆ ಹೊಲಿಸಿದ ಪ್ಯಾಂಟು ದೀಪಾವಳಿಗೆ ಚಡ್ಡಿಯಾಗಿತ್ತು. ಸೈಕಲ್ ತುಳಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಬೆಲ್ ಹೊಡೆಯಲು ನನಗೆ ಬೆರಳೇ ಬೇಕಿರಲಿಲ್ಲ.

ಹಾಗಾಗಿ ಸ್ಕೂಲಿಗೆ ಹೋಗುವಾಗ ಅಕ್ಕ ಶಶಿಕಲಾ ತನ್ನ ಲೇಡೀಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಹೋಗತೊಡಗಿದಳು. ಅವಳು ಎರಡು ಜಡೆ ಹಾರಿಸಿಕೊಂಡು ತುಳಿಯುವುದು, ನಾನು ಹಿಂದೆ ಎರಡೂ ಕಾಲು ನೆಲಕ್ಕೆ ತಾಗದಂತೆ ಮಡಚಿಕೊಂಡು ಕೂರುವುದು. ಕ್ಲಾಸಿನ ಹುಡುಗರು ನನಗೆ ‘ಟಿಫನ್ ಕ್ಯಾರಿಯರ್’ ಎಂದು ಹೆಸರಿಟ್ಟರು. ಆ ಹೆಸರು ಎಷ್ಟು ಹಬ್ಬಿತೆಂದರೆ ಒಂದು ದಿನ ಮೇಷ್ಟ್ರೇ ಹಾಜರಿ ಕೂಗುವಾಗ ನನ್ನ ಹೆಸರಿನ ಹತ್ತಿರ ಒಂದು ಕ್ಷಣ ತಡವರಿಸಿದರು.

ನನ್ನ ಮಾನ ಉಳಿಸುವ ಸೈಕಲ್ ಕುಣಿಗಲ್ಲಿನಲ್ಲಿತ್ತು. ಅಪ್ಪನ ಪರಿಚಯದ ಡ್ರಿಲ್ ಮೇಷ್ಟ್ರೊಬ್ಬರು ನಿವೃತ್ತರಾಗಿ ತಮ್ಮ ದೊಡ್ಡ ಕರಿ ಸೈಕಲ್ಲನ್ನು ಮಾರಲಿದ್ದರು. ಡೈನಮೋ ಇತ್ತು, ತಲೆಗೆ ಪೇಟ ಸುತ್ತಿದಂಥ ಲೈಟಿತ್ತು. ಇನ್ನೂರ ನಲವತ್ತು ರೂಪಾಯಿ. ಭಾನುವಾರದ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

ಅಪ್ಪ ಒಂದೇ ಮಾತು ಹೇಳಿದರು. “ನಿನ್ ಹಳೇದನ್ನ ಮಾರ್ಕೊಂಡ್ ಬಾ. ಎಷ್ಟು ಬರ್ತದೋ ಅಷ್ಟೇ ನಾನೂ ಹಾಕ್ತೀನಿ. ಒಂದ್ ಪೈಸಾ ಹೆಚ್ಚಿಲ್ಲ.”

ಅಂದರೆ ಹಸಿರು ಸೈಕಲ್ಲಿಗೆ ನೂರ ಇಪ್ಪತ್ತು ಬರಲೇಬೇಕು. ನಮ್ಮ ಬೀದಿಯಲ್ಲಿ ಕೇಳಿದವರು ಟೈರಿಗೆ ಒದ್ದು, ನಾಲಿಗೆಯಲ್ಲಿ ಲೊಚಗುಟ್ಟಿ, ಅರವತ್ತು ಎಂದು ಹೇಳಿ ಹೋದರು. ಹಾಗಾಗಿ ಶನಿವಾರ ಮಧ್ಯಾಹ್ನ ನಾನು ಗುಬ್ಬಿಗೆ ಸೈಕಲ್ ತುಳಿದೆ. ಗುಬ್ಬಿಯಲ್ಲಿ ಸಾವಿತ್ರಿ ಅತ್ತೆ ಇದ್ದಳು.

ಅಪ್ಪನ ತಂಗಿ ಈ ಸಾವಿತ್ರಿ ಅತ್ತೆ. ಜೀವಮಾನದಲ್ಲಿ ಒಮ್ಮೆಯೂ ಸೈಕಲ್ ಹತ್ತಿದವಳಲ್ಲ. ಆದರೆ ಸುತ್ತಮುತ್ತ ಯಾವ ಹಳೇ ಸೈಕಲ್ ಕೈ ಬದಲಾಯಿಸಬೇಕಾದರೂ ಅವಳ ಜಗಲಿ ಮುಟ್ಟಿಯೇ ಹೋಗಬೇಕಿತ್ತು. ಮನೆಗೆ ಅಂಟಿಕೊಂಡಂತೆ ಮಾವನ ಬಾಡಿಗೆ ಸೈಕಲ್ ಶಾಪ್. ಹಳೇ ಸೈಕಲ್ ಮಾರುವವರೂ ಕೊಳ್ಳುವವರೂ ಅಲ್ಲಿಗೇ ಬಂದು ಮಾವನನ್ನು ರೇಟು ಕೇಳುತ್ತಿದ್ದರು. ಮಾವ ಬಹಳ ಮೃದು ಮನುಷ್ಯ. ಮಾರುವವನು ಇನ್ನೂರು ಅಂದರೆ “ಸರಿಯಾಗೈತೆ” ಅನ್ನುವುದು. ಕೊಳ್ಳುವವನು ನೂರು ಅಂದರೆ “ಅದೂ ಸರೀನೇ” ಅನ್ನುವುದು. ಇಬ್ಬರೂ ಕೊನೆಗೆ ಮಾವನ ಮೇಲೇ ಜಗಳಕ್ಕೆ ಬೀಳುವುದು. ಒಂದು ದಿನ ಅತ್ತೆ ಅಡಿಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದು, “ಇನ್ಮೇಲೆ ರೇಟು ನನ್ ಜಗಲಿ ಮೇಲೆ” ಎಂದಳಂತೆ.

ಅವಳ ಕಾನೂನು ವಿಚಿತ್ರವಾಗಿತ್ತು. ಮಾರುವವನು ತನ್ನ ಸೈಕಲ್ಲಿನ ದೋಷ ಮಾತ್ರ ಹೇಳಬೇಕು. ಕೊಳ್ಳುವವನು ಅದರ ಗುಣ ಮಾತ್ರ ಹೇಳಬೇಕು. ಆಮೇಲೆ ಮಾರುವವನು, ತಾನೇ ಕೊಳ್ಳುವವನಾಗಿದ್ದರೆ ಎಷ್ಟು ಕೊಡುತ್ತಿದ್ದೆ ಅಂತ ಹೇಳಬೇಕು. ಕೊಳ್ಳುವವನು, ತಾನೇ ಮಾರುವವನಾಗಿದ್ದರೆ ಎಷ್ಟು ಕೇಳುತ್ತಿದ್ದೆ ಅಂತ ಹೇಳಬೇಕು. ಎರಡರ ನಟ್ಟನಡುವೆ ಬಂದದ್ದೇ ರೇಟು. ಹೇಳದೆ ಮುಚ್ಚಿಟ್ಟ ದೋಷ ತಿಂಗಳೊಳಗೆ ಸಿಕ್ಕಿಬಿದ್ದರೆ ಸೈಕಲ್ ವಾಪಸ್, ಜೊತೆಗೆ ಮುಚ್ಚಿಟ್ಟವನು ಹುಣಸೆಹಣ್ಣಿನ ಕಾಲ ಮುಗಿಯುವವರೆಗೂ ಬಂದು ಅತ್ತೆಯ ಮನೆಯ ಹುಣಸೆ ಬಿಡಿಸಬೇಕು.

“ಇದೇನತ್ತೆ ಉಲ್ಟಾ?” ಎಂದು ನಾನು ಮೊದಲ ಸಲ ಕೇಳಿದ್ದಾಗ ಅವಳು ಹೇಳಿದ್ದಳು: “ಮಾರೋನು ಗುಣಾನ ಕೇಳ್ದೇ ಹೋದ್ರೂ ಹೇಳ್ತಾನೆ. ಕೊಳ್ಳೋನು ದೋಷಾನ ಬ್ಯಾಡ ಅಂದ್ರೂ ಹುಡುಕ್ತಾನೆ. ಇಬ್ರೂ ಗೊತ್ತಿದ್ದೂ ಬಾಯ್ ಬಿಡ್ದೇ ಇರೋದು ಐತಲ್ಲ, ಅದ್ನ ಹೇಳ್ಸಿದ್ರೆ ರೇಟು ತಾನಾಗೇ ಎದ್ದು ಬರ್ತದೆ ಕಣೋ.”

ಈ ಕಾನೂನನ್ನು ಅವಳು ಮೊದಲು ತಂದದ್ದು ಮದುವೆ ಮಾತುಕತೆಗಂತೆ. ಹುಡುಗನ ಕಡೆಯವರು ಹುಡುಗನ ದೋಷ ಹೇಳಬೇಕು ಅಂದಳಂತೆ. ಆ ವರ್ಷ ಅವಳ ಕೈಯಲ್ಲಿ ಒಂದು ಮದುವೆಯೂ ಕೂಡಲಿಲ್ಲವಂತೆ. ಸೈಕಲ್ಲುಗಳು ಮನುಷ್ಯರಿಗಿಂತ ಸ್ವಲ್ಪ ಮರ್ಯಾದಸ್ಥವು ಅಂತ ಅವಳಿಗೆ ಆಗ ಗೊತ್ತಾಯಿತು.

ಅದು ಅವರೆಕಾಯಿಯ ಕಾಲ. ಜಗಲಿಯ ತುಂಬ ಸೊಗಡಿನ ಕಾಯಿ ಸುರಿದಿತ್ತು. ಆ ಸೊಗಡಿನ ವಾಸನೆಗೆ ಶಾಪಿನ ಪಂಕ್ಚರ್ ಸೊಲ್ಯೂಷನ್ ವಾಸನೆ ಸೇರಿ ಒಂದು ಗಮಲು ಬರುತ್ತಿತ್ತಲ್ಲ, ಅದನ್ನು ಬಾಟಲಿಗೆ ತುಂಬಿ ಮಾರಿದ್ದರೆ ನಾನು ಇವತ್ತೂ ಮೈಗೆ ಹಾಕಿಕೊಂಡೇ ತಿರುಗುತ್ತಿದ್ದೆ. ರೇಟು ಕೇಳಲು ಬಂದವರು ಯಾರೂ ಸುಮ್ಮನೆ ಕೂರುವ ಹಾಗಿರಲಿಲ್ಲ. ಕೂತರೆ ಕಾಯಿ ಸುಲಿಯಬೇಕು. ಅದೇ ಅತ್ತೆಯ ಫೀಸು.

ನಾನು ಹೋದಾಗ ಕೊಳ್ಳುವವರು ಆಗಲೇ ಬಂದು ಸುಲಿಯುತ್ತಾ ಕೂತಿದ್ದರು. ಸಿ.ಎಸ್. ಪುರದ ಕಡೆಯ ತಿಮ್ಮಣ್ಣ, ಅವನ ಮಗಳು ಮಂಜುಳಾ. ಹುಡುಗಿ ಹೈಸ್ಕೂಲಿಗೆ ಸೇರಿದ್ದಳು. ಬೆಳಗಿನ ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಸೈಕಲ್ ಸಿಗದಿದ್ದರೆ ಯುಗಾದಿಯಾದ ಮೇಲೆ ಸ್ಕೂಲು ಬಿಡಿಸಿಬಿಡುವುದು ಅಂತ ತಿಮ್ಮಣ್ಣ ಮಾತಾಡುತ್ತಿದ್ದ. ಅವಳು ತಲೆಯೆತ್ತದೆ ಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಬೀಗ ರಿಪೇರಿಯ ಬಾಷಾ ಸಾಬರು ಇದ್ದರು. ಅವರಿಗೆ ವ್ಯಾಪಾರ ಏನೂ ಇರಲಿಲ್ಲ. ತಮಾಷೆ ನೋಡಲು ಸುಲಿಯುತ್ತಿದ್ದರು. ಇನ್ನೂ ನಾಲ್ಕಾರು ಜನ ಅದೇ ಕಾರಣಕ್ಕೆ ಬಂದಿದ್ದರು.

ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಎರಡು ಸಣ್ಣ ದೋಷ ಹೇಳುವುದು. ಸೀಟಿನ ಕವರ್ ಹರಿದಿದೆ, ಮಡ್‌ಗಾರ್ಡ್ ಅಲುಗುತ್ತದೆ. ಆಮೇಲೆ ಗಂಭೀರವಾಗಿ ನೂರಹತ್ತು ಅನ್ನುವುದು. ಕೊಳ್ಳುವವರು ಎಷ್ಟೇ ಜಿಪುಣರಾದರೂ ನೂರ ಮೂವತ್ತಾದರೂ ಅನ್ನುತ್ತಾರೆ. ಲೆಕ್ಕ ಪಕ್ಕಾ ಇತ್ತು.

“ಸೀನ, ಶುರು ಮಾಡೋ,” ಎಂದಳು ಅತ್ತೆ.

“ಸೀಟಿನ ಕವರ್ ಹರಿದಿದೆ ಅತ್ತೆ. ಸ್ಪ್ರಿಂಗೂ ಸ್ವಲ್ಪ ಗಟ್ಟಿ. ಕಲ್ಲಿನ ಮೇಲೆ ಹತ್ತಿದ್ರೆ ಕೆಳಗಿಳಿದು ನೋಡೋದೇ ಬ್ಯಾಡ, ಅದು ಯಾವ ಕ್ವಾರಿ ಕಲ್ಲು ಅಂತ ಕೂತಲ್ಲೇ ಗೊತ್ತಾಗ್ತದೆ.”

ಬಾಷಾ ಸಾಬರು ಕಿಸಕ್ಕೆಂದು ನಕ್ಕರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ನಕ್ಕವರ ಮುಂದೆ ಬಾಯಿ ಮುಚ್ಚುವ ವಿದ್ಯೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

“ಬ್ರೇಕ್ ವಿಷ್ಯ ಹೇಳ್ತೀನಿ ಕೇಳಿ ಸಾಬರೇ. ಗುಬ್ಬಿ ಸ್ಟೇಷನ್ ಹತ್ರ ಹಿಡಿದ್ರೆ ನಿಟ್ಟೂರಲ್ಲಿ ನಿಲ್ತದೆ. ಮುಂದಿನ ಚಕ್ರ ಎಡಕ್ಕೆ ನೋಡ್ತದೆ, ಹಿಂದಿನದು ಬಲಕ್ಕೆ ನೋಡ್ತದೆ. ಇಬ್ರೂ ಒಂದೇ ಊರಿಗೆ ಹೋಗ್ತಿದೀವಿ ಅಂತ ಅವಕ್ಕೇ ಗೊತ್ತಿಲ್ಲ. ಚೈನು ಊಟದ ಹೊತ್ತಿಗೆ ಸರಿಯಾಗಿ ಕಳಚ್ಕೊಳ್ತದೆ. ನಮ್ ಮನೇಲಿ ಗಡಿಯಾರ ಕೆಟ್ರೆ ಇದನ್ನೇ ನೋಡೋದು.”

ಜಗಲಿ ಇಡೀ ನಗುತ್ತಿತ್ತು. ಮಾವ ಶಾಪಿನಿಂದ ಪಂಪು ಹಿಡಿದುಕೊಂಡೇ ಬಂದು ನಿಂತಿದ್ದರು.

“ಇವತ್ತು ಬರುವಾಗ ಮಲ್ಲಸಂದ್ರದ ಹತ್ರ ಒಂದ್ ನಾಯಿ ಅಟ್ಟಿಸ್ಕೊಂಡು ಬಂತು. ಹತ್ರ ಬಂದು ನನ್ ಸೈಕಲ್ ನೋಡ್ತು. ಬೊಗಳೋದು ನಿಲ್ಲಿಸ್ತು. ‘ಅಯ್ಯೋ ಪಾಪ’ ಅಂತ ಊರ ಗಡಿವರ್ಗೂ ಜೊತೇಲೇ ನಡ್ಕೊಂಡ್ ಬಂದು ಕಳಿಸಿಕೊಡ್ತು.”

“ಸಾಕು ನಿಲ್ಸಪ್ಪಾ ನಿನ್ ಕಾಲಿಗ್ ಬೀಳ್ತೀನಿ,” ಎಂದು ಬಾಷಾ ಸಾಬರು ಹೊಟ್ಟೆ ಹಿಡಿದುಕೊಂಡರು. ಅವರ ಮಡಿಲಿನ ಅವರೆಕಾಳೆಲ್ಲ ಅಂಗಳಕ್ಕೆ ಚೆಲ್ಲಿತು. ನಗದೆ ಇದ್ದವರು ಇಬ್ಬರೇ. ಒಬ್ಬಳು ಅತ್ತೆ. ಇನ್ನೊಬ್ಬಳು ಮಂಜುಳಾ; ಅವಳು ಸುಲಿಯುವುದನ್ನು ಬಿಟ್ಟು ನನ್ನ ಸೈಕಲ್ಲನ್ನೇ ನೋಡುತ್ತಿದ್ದಳು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: “ಆಯ್ತಲ್ಲ? ಈಗ ಹೇಳು. ನೀನೇ ಕೊಳ್ಳೋನಾಗಿದ್ರೆ ಇಂಥಾ ಸೈಕಲ್‌ಗೆ ಎಷ್ಟ್ ಕೊಡ್ತಿದ್ದೆ?”

ನಾನು ಬಾಯಿ ತೆರೆದೆ. ನೂರಹತ್ತು ಎಂಬ ಮಾತು ಗಂಟಲವರೆಗೆ ಬಂದು, ಅಲ್ಲಿಂದ ಎಲ್ಲರ ಮುಖ ನೋಡಿ, ವಾಪಸ್ ಇಳಿದುಹೋಯಿತು.

“ನಾಯಿ ಪಾಪ ಅಂದ ಸೈಕಲ್‌ಗೆ ಏನ್ ಕೊಡ್ತಾನೆ ಬುಡಿ ಅಕ್ಕಾ,” ಎಂದರು ಬಾಷಾ ಸಾಬರು.

“ಅತ್ತೆ, ಅದು ತಮಾಷೆಗೆ...”

“ತಮಾಷೆಗಾ? ಹಂಗಾದ್ರೆ ದೋಷ ಇಲ್ದೇ ಐತೆ ಅಂತ ಸುಳ್ಳು ಹೇಳ್ದೆ. ಇಲ್ಲಾ ದೋಷ ಇದ್ದೂ ಈಗ ಇಲ್ಲ ಅಂತಿದೀಯ. ಯಾವ್ದು ಆರಿಸ್ಕೊ. ಎರಡಕ್ಕೂ ಹುಣಸೆಹಣ್ಣು ಐತೆ.”

ಸ್ವಂತ ಅಣ್ಣನ ಮಗ ನಾನು. ಒಂದು ಕಣ್ಣು ಮಿಟುಕಿಸಿದ್ದರೂ ಸಾಕಿತ್ತು. ಅವಳು ಮಿಟುಕಿಸಲಿಲ್ಲ. ಆ ಹೊತ್ತಿಗೆ ಅವಳಷ್ಟು ಕಟುಕಿ ಲೋಕದಲ್ಲೇ ಇಲ್ಲ ಅನ್ನಿಸಿತು. ಆಮೇಲೆ ಯೋಚಿಸಿದಂತೆಲ್ಲ ಅದೊಂದಕ್ಕೇ ಅವಳ ಮೇಲಿನ ಗೌರವ ಹೆಚ್ಚುತ್ತಾ ಬಂತು.

“ಎಪ್ಪತ್ತು,” ಎಂದೆ. ನನ್ನ ಧ್ವನಿ ನನಗೇ ಬೇರೆ ಊರಿನಿಂದ ಬಂದಂತೆ ಕೇಳಿಸಿತು. ಕಣ್ಣ ಮುಂದೆ ಅಕ್ಕನ ಎರಡು ಜಡೆ ಹಾರಾಡಿದವು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಟಿಫನ್ ಕ್ಯಾರಿಯರ್.

ಈಗ ಮಂಜುಳಾಳ ಸರದಿ. ತಿಮ್ಮಣ್ಣ ಮಗಳ ಕಿವಿಗೆ ಬಗ್ಗಿ ಪಿಸುಗುಟ್ಟಿದ. ಆದರೆ ಹೊಲದಲ್ಲಿ ಮಾತಾಡಿ ರೂಢಿಯಾದ ಗಂಟಲು, ಅವನ ಪಿಸುಮಾತು ಗುಬ್ಬಿಗೆಲ್ಲ ಕೇಳಿಸಿತು. “ಬಣ್ಣ ಚೆಂದಾಗೈತೆ ಅಂತ ಒಂದ್ ಮಾತ್ ಹೇಳು. ಎಂಬತ್ತು ಅಂದ್ಬುಡು. ಮುಗೀತು.”

ಅವಳು ಎದ್ದಳು. ಸೈಕಲ್ಲಿನ ಸುತ್ತ ಒಂದು ಸಲ ಬಂದಳು. ಮುಂದಿನ ಚಕ್ರ ಎತ್ತಿ ತಿರುಗಿಸಿ, ತಲೆ ಓರೆ ಮಾಡಿ ಸದ್ದು ಕೇಳಿದಳು. ಟೈರಿನ ಮೇಲೆ ಎರಡೂ ಕಡೆ ಬೆರಳಾಡಿಸಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಪಾಠ ಒಪ್ಪಿಸುವವಳಂತೆ ಕೈ ಕಟ್ಟಿಕೊಂಡು ಹೇಳಿದಳು:

“ಟೈರು ಎರಡೂ ಕಡೆ ಒಂದೇ ಸಮ ಸವೆದೈತೆ ಅಮ್ಮಾ. ಚಕ್ರ ಎಡಕ್ಕೋ ಬಲಕ್ಕೋ ನೋಡಂಗಿದ್ರೆ ಒಂದ್ ಕಡೆ ಸವೀತಿತ್ತು. ಚೈನಿಗೆ ಎಣ್ಣೆ ಬಿಟ್ಟವ್ರೆ. ಬ್ರೇಕಿನ ರಬ್ಬರ್ ಕಟ್ಟೆ ಹೊಸಾದು.” ಸ್ವಲ್ಪ ನಿಲ್ಲಿಸಿ ನನ್ನ ಕಡೆ ನೋಡಿದಳು. “ಇನ್ನೊಂದು ಗುಣ ಐತೆ. ಎರಡು ವರ್ಷದಿಂದ ಇವ್ರನ್ನೂ ಹೊತ್ತು, ಇವ್ರ ಮಾತಿನ ಭಾರಾನೂ ಹೊತ್ತು ಫ್ರೇಮು ಬಾಗಿಲ್ಲ. ನಾನು, ನನ್ ಪುಸ್ತಕದ ಚೀಲ ಅದಕ್ಕೆ ಏನ್ ಮಹಾ?”

ಆಮೇಲೆ ಎದ್ದ ನಗುವಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ನಾನು ಅಷ್ಟೆಲ್ಲ ಒದ್ದಾಡಿ ನಗಿಸಿದ್ದೆ; ಅವಳು ಒಂದೇ ಮಾತಿನಲ್ಲಿ ನನ್ನನ್ನು ಮೀರಿಸಿದ್ದಳು. ಅತ್ತೆಯೂ ನಕ್ಕಳು. ಅವಳ ಹಲ್ಲು ನಾನು ನೋಡಿದ್ದು ಅದೇ ಮೊದಲು.

“ನೀನೇ ಮಾರೋಳಾಗಿದ್ರೆ ಎಷ್ಟ್ ಕೇಳ್ತಿದ್ದೆ ಮಗಾ?”

“ನೂರ ಅರವತ್ತು.”

“ಅಮ್ಮಣ್ಣೀ!” ತಿಮ್ಮಣ್ಣ ಹೌಹಾರಿ ಎದ್ದ. “ನಮ್ ದುಡ್ಡು ಕಣೇ ಅದು! ಯಾರ್ ಕಡೆಯವ್ಳೇ ನೀನು?”

“ಈ ಅಮ್ಮ ಕೇಳಿದ್ದು ಅದೇ ಅಲ್ವಾ ಅಪ್ಪಯ್ಯ? ನಂದೇ ಆಗಿದ್ರೆ ನಾನು ಅಷ್ಟು ಕೇಳ್ತಿದ್ದೆ. ಎಂಬತ್ತು ಅಂದ್ರೆ ಸುಳ್ಳಾಗ್ತದೆ.”

ಅತ್ತೆ ಸುಲಿದ ಕಾಳಿನ ರಾಶಿಯಿಂದ ಏಳು ಕಾಳು ತೆಗೆದು ನನ್ನ ಮುಂದಿಟ್ಟಳು. ಹದಿನಾರು ಕಾಳು ಮಂಜುಳಾಳ ಮುಂದಿಟ್ಟಳು. ಒಂದೊಂದು ಕಾಳಿಗೆ ಹತ್ತು ರೂಪಾಯಿ. ಎರಡನ್ನೂ ಕಲೆಸಿ, ಮತ್ತೆ ಸಮ ಪಾಲು ಹಾಕತೊಡಗಿದಳು. ಕೊನೆಗೆ ಒಂದು ಕಾಳು ಉಳಿಯಿತು. ಅದನ್ನು ಉಗುರಿನಿಂದ ಎರಡು ಬೇಳೆಯಾಗಿ ಸೀಳಿ, ಒಂದನ್ನು ಆ ಕಡೆ, ಒಂದನ್ನು ಈ ಕಡೆ ಇಟ್ಟಳು.

“ನೂರಾ ಹದಿನೈದು.”

ತಿಮ್ಮಣ್ಣ ಗೊಣಗಿದ. ಆದರೆ ಸೈಕಲ್ಲಿನ ಕಡೆ ನೋಡುವ ಅವನ ನೋಟ ಬದಲಾಗಿತ್ತು. ಮಗಳು ಹೊಗಳಿದ ಮೇಲೆ ಅದು ಅವನ ಕಣ್ಣಿಗೂ ಹಸಿರಾಗಿ ಕಂಡಿರಬೇಕು. ಅತ್ತೆ ಎಲ್ಲರಿಗೂ ಅಕ್ಕಿರೊಟ್ಟಿ, ಹಿತಕಿದ ಬೇಳೆ ಸಾರು ಬಡಿಸಿದಳು. ಮಂಜುಳಾ ಎರಡು ರೊಟ್ಟಿ ತಿಂದು, ಅಲ್ಲೇ ಬೀದಿಯಲ್ಲಿ ಸೈಕಲ್ ಹತ್ತಿ, ಎರಡು ಸಲ ಬಿದ್ದು, ಮೂರನೇ ಸಲ ತಿರುವು ದಾಟಿ ಕಾಣೆಯಾದಳು. ತಿಮ್ಮಣ್ಣ ಪಂಚೆ ಎತ್ತಿಕೊಂಡು ಹಿಂದೆ ಓಡಿದ.

ಭಾನುವಾರ ಅಪ್ಪ, ನಾನು ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆವು. ಇಬ್ಬರದೂ ಸೇರಿ ಇನ್ನೂರ ಮೂವತ್ತು. ಹತ್ತು ಕಮ್ಮಿ. ಡ್ರಿಲ್ ಮೇಷ್ಟ್ರು ಸೈಕಲ್ಲನ್ನು ನೆರಳಿನಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಅದರ ಮುಂದೆ ಅಟೆನ್ಷನ್ನಿನಲ್ಲಿ ನಿಂತು ಹೊಗಳಲು ಶುರು ಮಾಡಿದರು.

“ಹುಲಿಯೂರುದುರ್ಗದ ಏರು ಇದೆಯಲ್ಲಪ್ಪ, ಸೀಟಿಂದ ಮೇಲೆ ಏಳ್ದೇ ಹತ್ತಿದೀನಿ. ಒಂದ್ ಸಲ ಬಸ್ ಡ್ರೈವರ್ರೇ ನಿಲ್ಲಿಸಿ ದಾರಿ ಬಿಟ್ಕೊಟ್ಟ.”

ಒಬ್ಬ ಕಲಾವಿದನ ಮುಂದೆ ಇನ್ನೊಬ್ಬ ಕಲಾವಿದ ನಿಂತ ಹಾಗೆ ನಾನು ಮೈಮರೆತು ಕೇಳಿದೆ. ಆದರೂ ಅತ್ತೆಯ ಜಗಲಿ ನೆನಪಾಗಿ ಒಂದು ಮಾತು ಕೇಳಿದೆ. “ದೋಷ ಏನಾದ್ರೂ ಇದ್ಯಾ ಸಾರ್?”

“ದೋಷಾನಾ? ಒಂದೇ ದೋಷ ಕಣಪ್ಪಾ. ಅದ್ರ ಯಜಮಾನನಿಗೆ ವಯಸ್ಸಾಯ್ತು.”

ಇನ್ನೂರ ಮೂವತ್ತು ಎಂದದ್ದೇ ತಡ, ಅವರು ಒಪ್ಪಿಬಿಟ್ಟರು. ಹತ್ತು ರೂಪಾಯಿ ಬಿಟ್ಟುಕೊಟ್ಟವರ ಮುಖದಲ್ಲಿ ಒಂದಿಷ್ಟು ಸಂಕಟ ಇರಬೇಕಿತ್ತು. ಅಲ್ಲಿ ಇದ್ದದ್ದು ಹೆಣ್ಣು ಒಪ್ಪಿಸಿ ಕಳಿಸಿದವರ ನೆಮ್ಮದಿ.

ಅಪ್ಪ ಬಸ್ಸಿಗೆ ಹೋದರು. ನಾನು ರಾಜನಂತೆ ಸೈಕಲ್ ಹತ್ತಿ ತುಮಕೂರಿನ ದಾರಿ ಹಿಡಿದೆ. ಸ್ವಲ್ಪ ದೂರದಲ್ಲೇ ಸೈಕಲ್ ಎಡಕ್ಕೆ ಎಳೆಯುತ್ತಿದೆ ಅನ್ನಿಸಿತು. ಗಾಳಿ ಇರಬೇಕು ಅಂದುಕೊಂಡೆ. ಹೆಬ್ಬೂರಿಗೆ ಬರುವಷ್ಟರಲ್ಲಿ ಅದು ನನ್ನನ್ನು ಎಡಗಡೆಯ ಎರಡು ರಾಗಿ ಹೊಲಕ್ಕೆ, ಒಂದು ಟೀ ಅಂಗಡಿಗೆ, ಒಬ್ಬ ಅಜ್ಜಿಯ ಮಡಿಲಿಗೆ ಕರೆದೊಯ್ದು ವಾಪಸ್ ತಂದಿತ್ತು. ಕೆಳಗಿಳಿದೆ. ಹುಡುಗಿ ಮಾಡಿದ ಹಾಗೆಯೇ ಮುಂದಿನ ಟೈರಿನ ಮೇಲೆ ಬೆರಳಾಡಿಸಿದೆ. ಎಡಗಡೆ ಬೋಳು ತಲೆಯಂತೆ ನುಣ್ಣಗಿತ್ತು. ಮುಂದಿನ ಫೋರ್ಕು ಯಾವ ಕಾಲದಲ್ಲೋ ಬಾಗಿ, ಮೇಲೆ ಬಣ್ಣ ಹಚ್ಚಿಸಿಕೊಂಡಿತ್ತು. ಕುಣಿಗಲ್ಲಿನಲ್ಲಿ ಅತ್ತೆಯ ಕಾನೂನು ನಡೆಯುತ್ತಿರಲಿಲ್ಲ.

“ನನ್ ಕ್ಯಾರಿಯರ್ ಮೇಲೆ ಕೂತಿದ್ರೆ ನೆಟ್ಟಗಾದ್ರೂ ಹೋಗ್ತಿದ್ದೆ,” ಎಂದಳು ಅಕ್ಕ. ಆದರೂ ಟಿಫನ್ ಕ್ಯಾರಿಯರ್ ಎಂಬ ಹೆಸರು ಹೋಯಿತು. ಎಡಕ್ಕೆ ವಾಲಿಕೊಂಡಾದರೂ ಸ್ವಂತ ಸೈಕಲ್ಲಿನಲ್ಲಿ ಹೋಗುವವನಿಗೆ ಯಾರು ತಾನೇ ಅಡ್ಡಹೆಸರು ಇಡುತ್ತಾರೆ? ಇಟ್ಟರು, ಆದರೆ ಅದನ್ನು ಇಲ್ಲಿ ಹೇಳುವುದಿಲ್ಲ.

ಆ ಬೇಸಗೆ ಗುಬ್ಬಿಗೆ ಹೋಗಿದ್ದಾಗ ಅತ್ತೆಯ ಮನೆ ಮುಂದೆ ಕರಿ ಸೈಕಲ್ ಹಿಡಿದು ನಿಂತಿದ್ದೆ. ಬೀದಿಯ ಆ ತುದಿಯಿಂದ ನನ್ನ ಹಸಿರು ಸೈಕಲ್ ಬಾಣದ ಹಾಗೆ ಬಂತು. ಮಂಜುಳಾ. ಹಿಂದೆ ಕ್ಯಾರಿಯರ್ ಮೇಲೆ ಅವಳ ತಮ್ಮ, ಮುಂದೆ ಹೊಸ ಕ್ಲಾಸಿನ ಪುಸ್ತಕದ ಚೀಲ. ನೇರ ನನ್ನ ಮೇಲೇ ಬಂದು ಬ್ರೇಕ್ ಹಿಡಿದಳು. ನನ್ನ ಕಾಲ್ಬೆರಳಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಸೈಕಲ್ ನಿಂತಿತು.

“ನಿಟ್ಟೂರು ಬಂತಾ?” ಎಂದಳು.

ನಾನು ಗಾಬರಿಯಲ್ಲಿ ಕರಿ ಸೈಕಲ್ಲನ್ನು ಹಿಂದಕ್ಕೆಳೆದೆ; ಅದು ಎಡಕ್ಕೆ ಹೋಯಿತು.

“ಪಾಸಾದೆ,” ಎಂದಳು. “ಅಪ್ಪಯ್ಯ ಈಗ ಸ್ಕೂಲ್ ಬಿಡ್ಸೋ ಮಾತೇ ಎತ್ತಲ್ಲ. ನಿಮ್ ಕುಣಿಗಲ್ ಸೈಕಲ್ ಹೆಂಗೈತೆ?”

“ಏನ್ ಹೇಳ್ಲಿ! ಒಂದೇ ಒಂದು ದೋಷ ಇಲ್ಲ.”

ಅವಳು ಬಗ್ಗಿ ಮುಂದಿನ ಟೈರು ನೋಡಿದಳು. ನನ್ನ ಮುಖ ನೋಡಿದಳು. ನಗು ತಡೆದುಕೊಳ್ಳಲು ತುಟಿ ಕಚ್ಚಿದಳು. ಅತ್ತೆಯ ಜಗಲಿಯ ಮುಂದೆ ನಿಂತು ಆ ಜಗಲಿಯ ಕಾನೂನು ಮುರಿಯುವುದು ಹೇಗೆ?

“ಟೈರು ಬಲಗಡೆ ಹೊಸಾದ್ರಂಗೈತೆ,” ಎಂದು ಹೇಳಿ, ತಮ್ಮನನ್ನು ಹೊತ್ತು ಹೊರಟುಹೋದಳು.

ಅತ್ತೆ ಈಗಿಲ್ಲ. ಮಾವನ ಶಾಪಿದ್ದ ಕಡೆ ಮೊಬೈಲ್ ರಿಪೇರಿ ಅಂಗಡಿ ಇದೆ. ಜಗಲಿ ಒಡೆದು ಅಲ್ಲಿ ರೋಲಿಂಗ್ ಶಟರ್ ಬಂದಿದೆ. ಹೋದ ತಿಂಗಳು ನನ್ನ ಹಳೇ ಸ್ಕೂಟರ್ ಮಾರೋಣ ಅಂತ ಫೋನಿನಲ್ಲಿ ಫೋಟೋ ಹಾಕಿದೆ. ಕೆಳಗೆ ಅದರ ದೋಷಗಳನ್ನೆಲ್ಲ ಬರೆದೆ; ಈ ಸಲ ಒಂದೂ ಹೆಚ್ಚಿಸಲಿಲ್ಲ, ಆಣೆಗೂ. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು: ಇಷ್ಟು ಹೇಳಿದ್ದೀರಿ ಅಂದರೆ ಮುಚ್ಚಿಟ್ಟದ್ದು ಇನ್ನೆಷ್ಟಿರಬೇಕು? ಮನೆಗೆ ಬಂದವರು ಟೈರಿಗೆ ಒದ್ದರು, ಲೊಚಗುಟ್ಟಿದರು, ನಾನು ಬರೆಯದ ಇನ್ನೊಂದು ದೋಷ ಹುಡುಕಿ ಗೆದ್ದವರಂತೆ ನಕ್ಕು, ಅರ್ಧಕ್ಕೆ ಕೇಳಿದರು.

ದೋಷ ಹೇಳುವವರು ಹುಡುಕಿದರೆ ಇವತ್ತೂ ಒಬ್ಬಿಬ್ಬರು ಸಿಕ್ಕಾರು. ಕೊಳ್ಳಲು ಬಂದವರ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳಿ ಎಷ್ಟು ಕಾಲವಾಯಿತೋ. ಬಂದವರಲ್ಲಿ ಒಬ್ಬರಾದರೂ ಆ ಸ್ಕೂಟರಿನ ಸುತ್ತ ಒಂದು ಸಲ ಸುತ್ತಿ, ಬಗ್ಗಿ ನೋಡಿ, ‘ಟೈರು ಬಲಗಡೆ ಹೊಸಾದ್ರಂಗೈತೆ’ ಅಂದಿದ್ದರೆ, ಅವರು ಕೇಳಿದ ಅರ್ಧ ಬೆಲೆಗೇ ಕೊಟ್ಟು, ಕೂರಿಸಿ ಅವರೆಕಾಳಿನ ಉಪ್ಪಿಟ್ಟನ್ನೂ ತಿನ್ನಿಸಿ ಕಳಿಸುತ್ತಿದ್ದೆ.